ಹಳೆಯ ಆಂಗ್ಲ ವೃತ್ತಪತ್ರಿಕೆಗಳಲ್ಲಿ ‘ಇನ್‌ಸ್ಟಂಟ್’ ಎಂಬ ಶಬ್ದ

ಆಂಗ್ಲಭಾಷೆಯ ‘ಇನ್‌ಸ್ಟಂಟ್’ ಎಂಬ ಶಬ್ದಕ್ಕೆ ಕ್ಷಣವೆಂದೂ ತತ್‌ಕ್ಷಣದ್ದೆಂದೂ ಅರ್ಥ ಹೇಳುವುದು ಈಗಿನ ರೂಢಿ. ಲ್ಯಾಟಿನ್ ಮೂಲದಲ್ಲಾದರೋ ಅದು ಎದುರಿಗೆ ನಿಂತಿರುವುದು, ಪ್ರಕೃತದಲ್ಲಿರುವುದು ಎಂಬರ್ಥದ್ದು. ಈ ಹಳೆಯ ಅರ್ಥವು ಮಾತಿನಿಂದ ಮರೆಯಾದ ಬಳಿಕವೂ ತಾರೀಖಿನ ನೆರಳಿನಲ್ಲಿ ಬಹುಕಾಲ ಬಾಳಿತು. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳ ಪತ್ರಿಕೆಗಳಲ್ಲಿ ೧೯ನೆಯ ‘ಇನ್‌ಸ್ಟಂಟ್’ ಎಂದರೆ ಪ್ರಕೃತ ಮಾಸದ ೧೯ನೆಯ ತಾರೀಖು. ‘ಅಲ್ಟಿಮೊ’ ಎಂದರೆ ಗತಮಾಸ. ‘ಪ್ರಾಕ್ಸಿಮೊ’ ಎಂದರೆ ಮುಂಬರುವ ಮಾಸ. ಸಾಮಾನ್ಯವಾಗಿ ಇವುಗಳ ಮೊದಲಕ್ಷರಗಳನ್ನಷ್ಟೇ ಅಚ್ಚುಹಾಕುತ್ತಿದ್ದರು.

ಈ ಪದ್ಧತಿಯು ವರ್ತಕರ ಮತ್ತು ಅಧಿಕಾರಿಗಳ ಕಾಗದಪತ್ರಗಳದು. ಅಂದಿನ ಪತ್ರಿಕೆಗಳು ಬಹುಮಟ್ಟಿಗೆ ದೂರದಿಂದ ಬಂದ ಕಾಗದಗಳನ್ನೇ ಯಥಾವತ್ತಾಗಿ ಅಚ್ಚುಹಾಕುತ್ತಿದ್ದುದರಿಂದ ಕಾಗದದ ಭಾಷೆಯೇ ಪತ್ರಿಕೆಯ ಭಾಷೆಯೂ ಆಯಿತು. ತೊಡಕು ಹುಟ್ಟುವುದೂ ಇಲ್ಲಿಯೇ. ‘ಪ್ರಕೃತ ಮಾಸ’ವೆಂಬುದು ಬರೆದವನ ಮಾಸವೇ ಹೊರತು ಅಚ್ಚುಹಾಕಿದವನ ಮಾಸವಲ್ಲ.

ಟ್ರಫಾಲ್ಗರ್ ನೌಕಾಯುದ್ಧವು ೧೮೦೫ನೆಯ ಇಸವಿ ಅಕ್ಟೋಬರ್ ೨೧ರಂದು ನಡೆಯಿತು. ಮರುದಿನ ಕಾಲಿಂಗ್‌ವುಡ್ ಎಂಬ ನೌಕಾಧಿಪತಿಯು ಬರೆದ ವರದಿಯಲ್ಲಿ ಶತ್ರುನೌಕೆಗಳು ಕಡಲಿಗಿಳಿದ ಸುದ್ದಿ ಬಂದುದು ೧೯ನೆಯ ‘ಇನ್‌ಸ್ಟಂಟ್’ ಎಂದಿದೆ. ಅದು ಲಂಡನ್ ಗೆಜೆಟ್ಟಿನಲ್ಲಿ ಅಚ್ಚಾದುದು ನವೆಂಬರ್ ೬ರಂದು. ಅಚ್ಚಾದ ಮಾಸವನ್ನೇ ಹಿಡಿದರೆ ಆ ಸಂಗತಿಯು ಪತ್ರಿಕೆ ಹೊರಟ ಮೇಲೆ ಹದಿಮೂರು ದಿನಕ್ಕೆ ನಡೆಯಬೇಕಾಗುವುದು! ಇಲ್ಲಿ ತಪ್ಪು ತಾನಾಗಿಯೇ ಬಯಲಾಗುತ್ತದೆ.

ಎಲ್ಲೆಡೆಯೂ ಹೀಗಾಗದು. ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸುಲ್ತಾನನು ಮಡಿದುದು ೧೭೯೯ನೆಯ ಇಸವಿ ಮೇ ೪ರಂದು. ಸೇನಾಪತಿ ಹ್ಯಾರಿಸನು ಮೇ ೭ರಂದು ಗವರ್ನರ್ ಜನರಲ್ ಮಾರ್ನಿಂಗ್‌ಟನ್ನನಿಗೆ ಬರೆದ ಪತ್ರದಲ್ಲಿ ಈ ದಿನವನ್ನು ೪ನೆಯ ‘ಇನ್‌ಸ್ಟಂಟ್’ ಎಂದೇ ಸೂಚಿಸಿರುವನು. ಆ ಸುದ್ದಿಯು ಲಂಡನ್ನಿನಲ್ಲಿ ಪ್ರಕಟವಾದುದು ಸೆಪ್ಟೆಂಬರಿನಲ್ಲಿ. ಪತ್ರದ ತಲೆಯಲ್ಲಿರುವ ತಾರೀಖನ್ನು ಬಿಟ್ಟು ಒಡಲನ್ನಷ್ಟೇ ನಕಲು ಮಾಡಿಕೊಂಡರೆ, ಮೇ ೪ ಸೆಪ್ಟೆಂಬರ್ ೪ ಆಗುವುದನ್ನು ತಡೆಯುವ ಸಾಕ್ಷ್ಯವು ಆ ವಾಕ್ಯದೊಳಗೆ ಯಾವುದೂ ಇಲ್ಲ. ಸುಪ್ರಸಿದ್ಧ ಘಟನೆಯಾದುದರಿಂದ ಇಲ್ಲಿ ಅಪಾಯವಿಲ್ಲ. ಆದರೆ ಒಂದೇ ಪತ್ರಿಕೆಯ ಆಧಾರದಿಂದ ತಿಳಿದುಬರುವ ಮರಣ, ಕ್ಷಾಮ, ನೇಮಕ ಮುಂತಾದ ಸಣ್ಣ ಸಂಗತಿಗಳಲ್ಲಿ ಇಂತಹ ತಪ್ಪನ್ನು ತಿದ್ದುವವರಾರು?

‘ಅಲ್ಟಿಮೊ’ದಲ್ಲಿ ಮಾಸವಷ್ಟೇ ಅಲ್ಲ, ವರ್ಷವೇ ತಪ್ಪಬಹುದು. ಜನವರಿಯಲ್ಲಿ ಬರೆದ ಕಾಗದದ ೨೮ನೆಯ ‘ಅಲ್ಟಿಮೊ’ ಹಿಂದಿನ ವರ್ಷದ ಡಿಸೆಂಬರಿಗೆ ಸೇರಿದುದು. ಸಂಪಾದಕನು ಕಾಗದದ ಸಾರವನ್ನು ತನ್ನ ಮಾತಿನಲ್ಲಿ ಹೇಳುವಾಗ ಮೂಲದ ‘ಇನ್‌ಸ್ಟಂಟ್’ ಅನ್ನು ‘ಅಲ್ಟಿಮೊ’ ಎಂದು ಬದಲಾಯಿಸಬೇಕಾಗಿ ಬರಬಹುದು. ಅದನ್ನು ಮರೆತರೆ ತಪ್ಪು ಪತ್ರಿಕೆಯಲ್ಲಿಯೇ ಬೇರೂರುವುದು.

ಆದುದರಿಂದ ಹಳೆಯ ಪತ್ರಿಕೆಯಿಂದ ತಾರೀಖನ್ನು ಎತ್ತಿಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ‘ಇದು ಯಾವ ದಿನ ಅಚ್ಚಾಯಿತು?’ ಎಂಬುದಲ್ಲ; ‘ಈ ವಾಕ್ಯವನ್ನು ಯಾರು, ಎಲ್ಲಿ, ಯಾವ ದಿನ ಬರೆದರು?’ ಎಂಬುದು. ಇಪ್ಪತ್ತನೆಯ ಶತಮಾನದಲ್ಲಿ ಮಾಸದ ಹೆಸರನ್ನೇ ಬರೆಯುವ ವಾಡಿಕೆ ಬಲಗೊಂಡು ಈ ಶಬ್ದವು ಪತ್ರಿಕೆಗಳಿಂದ ಹಿಂದೆ ಸರಿಯಿತು. ಆದರೆ ಅದು ಕಾಲವನ್ನು ಗುರುತಿಸಿದ ಸಾವಿರಾರು ವಾಕ್ಯಗಳು ಉಳಿದಿವೆ. ಅವುಗಳ ಕಾಲನಿರ್ಣಯವು ಅದರ ಅರ್ಥವನ್ನೇ ಅವಲಂಬಿಸಿದೆ.