ಚಳಿಜ್ವರಕ್ಕೆ ಮದ್ದಾದ ಚೀನದ ಸೊಪ್ಪು



ದವನದ ಪರಿಚಯವನ್ನು ನಿಮಗೆ ಮಾಡಿಕೊಡಬೇಕಾದ್ದಿಲ್ಲ. ಹೂವಿನ ದಂಡೆಯಲ್ಲಿ ನಾಲ್ಕು ಎಳೆ ದವನ ಸೇರಿಸಿದರೆ ಮನೆಯೆಲ್ಲ ಘಮಘಮ. ಈ ದವನದ ಕುಲಕ್ಕೇ ಸೇರಿದ ಇನ್ನೊಂದು ಗಿಡ ಚೀನ ದೇಶದಲ್ಲಿದೆ. ಎಲೆ ಸೀಳುಸೀಳು, ವಾಸನೆ ಗಾಢ. ಆಳೆತ್ತರಕ್ಕೂ ಬೆಳೆದು ಹಳದಿಯ ಸಣ್ಣ ಹೂ ಬಿಡುತ್ತದೆ. ಅಲ್ಲಿಯವರು ಅದನ್ನು ಚಿಂಗ್‌ಹಾವೊ ಅನ್ನುತ್ತಾರೆ. ಹಾದಿಯ ಬದಿಯಲ್ಲಿ, ಪಾಳು ನೆಲದಲ್ಲಿ ತಾನಾಗಿಯೇ ಏಳುವ ಗಿಡ. ಇದೇ ಗಿಡ ಚಳಿಜ್ವರದಿಂದ, ಅಂದರೆ ಮಲೇರಿಯದಿಂದ, ಲಕ್ಷಾಂತರ ಜನರನ್ನು ಉಳಿಸಿತು. ಅದು ಹೇಗಾಯಿತು ಎಂಬ ಚರಿತ್ರೆ ತಿಳಿಯತಕ್ಕದ್ದು.

ಚೀನೀಯರ ಗಿಡಮೂಲಿಕೆ ವೈದ್ಯಕ್ಕೆ ಮೂಲಪುರುಷ ಯಾರು ಗೊತ್ತೇ? ಒಬ್ಬ ರೈತ! ಶೆನ್‌ನುಂಗ್ ಎಂದರೆ 'ದೈವೀ ರೈತ' ಅಂತಲೇ ಅರ್ಥ. ಜನರಿಗೆ ಬೇಸಾಯ ಕಲಿಸಿದವನೂ ಅವನೇ, ನೂರಾರು ಸೊಪ್ಪು ಬೇರುಗಳನ್ನು ತಾನೇ ಬಾಯಿಗೆ ಹಾಕಿಕೊಂಡು ಯಾವುದು ಮದ್ದು, ಯಾವುದು ವಿಷ ಎಂದು ತಿಳಿಸಿದವನೂ ಅವನೇ ಎಂದು ಐತಿಹ್ಯ. ಇದು ಕಥೆಯಾದರೂ ಅವನ ಹೆಸರಿನಲ್ಲಿರುವ ಗ್ರಂಥ ನಿಜವಾದದ್ದು. ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯದಾದ ಆ ಗ್ರಂಥದಲ್ಲಿ 365 ಮದ್ದುಗಳನ್ನು ಮೂರು ತರಗತಿ ಮಾಡಿದ್ದಾರೆ. ಬಹುಕಾಲ ಸೇವಿಸಬಹುದಾದವು ಮೊದಲನೆಯವು. ನೋಡಿಕೊಂಡು ಕೊಡತಕ್ಕವು ನಡುವಿನವು. ವಿಷದ ಅಂಶವುಳ್ಳವು ಕೊನೆಯವು, ರೋಗ ಇಳಿದ ಕೂಡಲೇ ನಿಲ್ಲಿಸಬೇಕು. ಸೊಪ್ಪು ಅಂದಮಾತ್ರಕ್ಕೆ ನಿರಪಾಯವಲ್ಲ ಎಂಬ ಎಚ್ಚರ ಆಗಲೇ ಇತ್ತು ನೋಡಿ.

1973ರಲ್ಲಿ ಚೀನದ ಮವಾಂಗ್‌ತುಯಿ ಎಂಬಲ್ಲಿ ಕ್ರಿಸ್ತಪೂರ್ವ 168ರ ಒಂದು ಸಮಾಧಿಯನ್ನು ಅಗೆದಾಗ ರೇಷ್ಮೆಯ ಮೇಲೆ ಬರೆದ ಮದ್ದಿನ ಪಟ್ಟಿ ಸಿಕ್ಕಿತು. ಅದರಲ್ಲಿಯೂ ಚಿಂಗ್‌ಹಾವೊ ಇದೆ. ಆದರೆ ಚಳಿಜ್ವರಕ್ಕಲ್ಲ, ಮೂಲವ್ಯಾಧಿಗೆ! ಜ್ವರಕ್ಕೆ ಅದನ್ನು ಹೇಳಿದವನು ಕ್ರಿಸ್ತಶಕ ನಾಲ್ಕನೆಯ ಶತಮಾನದ ಗ ಹುಂಗ್ ಎಂಬ ಪಂಡಿತ. ಊರೂರು ತಿರುಗುವವರೂ ಅಂಗಿಯ ತೋಳಿನಲ್ಲಿ ಇಟ್ಟುಕೊಳ್ಳಬಹುದಾದಂಥ ಚಿಕ್ಕ ಕೈಪಿಡಿಯೊಂದನ್ನು ಅವನು ಬರೆದ. ಅದರಲ್ಲಿ ಈ ಮದ್ದಿಗೆ ಕೊಟ್ಟದ್ದು ಒಂದೇ ಸಾಲು: ಒಂದು ಹಿಡಿ ಸೊಪ್ಪನ್ನು ಎರಡು ಅಳತೆ ನೀರಿನಲ್ಲಿ ನೆನೆಹಾಕಿ, ಹಿಂಡಿ, ರಸವನ್ನೆಲ್ಲ ಕುಡಿಸಬೇಕೆಂಬ ವಿಧಿ. ಕುದಿಸುವ ಮಾತೇ ಅಲ್ಲಿಲ್ಲ. ಈ ಸಂಗತಿ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಆಮೇಲೆ ಹದಿನಾರನೆಯ ಶತಮಾನದಲ್ಲಿ ಲಿ ಶಿಝೆನ್ ಎಂಬ ವೈದ್ಯ ಬಂದ. ಹಳೆಯ ಪುಸ್ತಕಗಳಲ್ಲಿ ಒಂದು ಗಿಡಕ್ಕೆ ಇನ್ನೊಂದರ ಹೆಸರು, ಒಂದರ ಗುಣ ಇನ್ನೊಂದಕ್ಕೆ ಆರೋಪ, ಇದನ್ನೆಲ್ಲ ಕಂಡು ಅವನಿಗೆ ಕಳವಳವಾಯಿತು. ಸುಮಾರು 27 ವರ್ಷ ದುಡಿದ. ರೈತರನ್ನು, ಬೆಸ್ತರನ್ನು, ಸೌದೆ ಕಡಿಯುವವರನ್ನು ಕೇಳಿ ತಿಳಿದುಕೊಂಡ. 1578ರಲ್ಲಿ ಮುಗಿಸಿದ ಗ್ರಂಥದಲ್ಲಿ 1,892 ಮದ್ದುಗಳೂ ಹನ್ನೊಂದು ಸಾವಿರಕ್ಕೂ ಮಿಕ್ಕ ಯೋಗಗಳೂ ಇವೆ. ಅದು ಅಚ್ಚಾಗಿ ಬಂದದ್ದು 1596ರಲ್ಲಿ. ಆ ಹೊತ್ತಿಗೆ ಪಾಪ, ಅವನು ತೀರಿಕೊಂಡು ಮೂರು ವರ್ಷವಾಗಿತ್ತು.

ಇನ್ನು ಚಳಿಜ್ವರದ ಮಾತಿಗೆ ಬರೋಣ. ನಮ್ಮ ಮಲೆನಾಡಿನಲ್ಲಿ ಈ ಜ್ವರ ಊರಿಗೆ ಊರನ್ನೇ ಹಾಳುಗೆಡವಿದ್ದುಂಟು. ಸಿಂಕೋನ ಮರದ ತೊಗಟೆಯಿಂದ ಬಂದ ಕ್ವಿನೈನ್, ಆಮೇಲೆ ಕ್ಲೋರೋಕ್ವಿನ್ ಜನರನ್ನು ಕಾಪಾಡಿದವು. ಆದರೆ 1960ರ ದಶಕದ ಹೊತ್ತಿಗೆ ಆಗ್ನೇಯ ಏಷ್ಯದ ರೋಗಾಣು ಕ್ಲೋರೋಕ್ವಿನ್ನಿಗೆ ಜಗ್ಗದೆ ಹೋಯಿತು. ವಿಯೆಟ್ನಾಮಿನ ಯುದ್ಧದಲ್ಲಿ ಕಾಡಿಗೆ ಇಳಿದ ಸೈನಿಕರು ಗುಂಡಿಗಿಂತ ಜ್ವರಕ್ಕೇ ಹೆದರುವಂತಾಯಿತು. ಉತ್ತರ ವಿಯೆಟ್ನಾಮ್ ಚೀನದ ನೆರವು ಕೇಳಿತು. 1967ರ ಮೇ 23ರಂದು ಗುಟ್ಟಾಗಿ ಸಂಶೋಧನೆ ಶುರುವಾಯಿತು.

1969ರಲ್ಲಿ ಆ ಕೆಲಸಕ್ಕೆ ಸೇರಿದವರು ತೂ ಯೂಯೂ ಎಂಬ ಮಹಿಳೆ. ಹಳೆಯ ಗ್ರಂಥಗಳನ್ನು ಜಾಲಾಡಿ, ವೃದ್ಧ ವೈದ್ಯರನ್ನು ಕೇಳಿ, ಎರಡು ಸಾವಿರಕ್ಕೂ ಹೆಚ್ಚು ಯೋಗಗಳನ್ನು ಇವರ ತಂಡ ಕಲೆಹಾಕಿತು. ಸುಮಾರು 200 ಮೂಲಿಕೆಗಳಿಂದ 380 ಸಾರಗಳನ್ನು ತೆಗೆದು ಇಲಿಗಳ ಮೇಲೆ ಪರೀಕ್ಷಿಸಿದರು. ಚಿಂಗ್‌ಹಾವೊ ಒಂದು ಸಲ ಫಲ ಕೊಟ್ಟಿತು, ಮತ್ತೆ ಕೊಡಲಿಲ್ಲ. ಯಾಕೆ ಹೀಗೆ?

ತೂ ಯೂಯೂ ಗ ಹುಂಗನ ಆ ಒಂದು ಸಾಲನ್ನು ಮತ್ತೆ ಓದಿದರು. ಅವನು ಕುದಿಸಲಿಲ್ಲವಲ್ಲ! ಕಾವೇ ಸತ್ವವನ್ನು ಕೆಡಿಸುತ್ತಿರಬಹುದು ಎಂದು ಹೊಳೆಯಿತು. 35 ಡಿಗ್ರಿ ಕಾವಿಗೇ ಕುದಿಯುವ ಈಥರಿನಲ್ಲಿ ಸಾರ ತೆಗೆದರು. 1971ರ ಅಕ್ಟೋಬರ್ 4ರಂದು 191ನೆಯ ಮಾದರಿ ಇಲಿಗಳ ರೋಗಾಣುವನ್ನು ಪೂರಾ ನಿರ್ಮೂಲ ಮಾಡಿತು. 1972ರಲ್ಲಿ ತೂ ಮತ್ತು ಇಬ್ಬರು ಸಹೋದ್ಯೋಗಿಗಳು ಮೊದಲು ತಾವೇ ಸೇವಿಸಿ ನೋಡಿದರು; ಆ ಮೇಲೆಯೇ ಹೈನಾನ್ ದ್ವೀಪದ 21 ರೋಗಿಗಳಿಗೆ ಕೊಟ್ಟದ್ದು. ಅದೇ ವರ್ಷ ಶುದ್ಧ ಸತ್ವ ಹರಳಾಗಿ ಕೈಗೆ ಬಂತು. ಅದೇ ಆರ್ಟಿಮಿಸಿನಿನ್. 2015ರಲ್ಲಿ ತೂ ಯೂಯೂ ಅವರಿಗೆ ನೊಬೆಲ್ ಬಹುಮಾನದ ಅರ್ಧ ಪಾಲು ಸಂದಿತು. 2021ರಲ್ಲಿ ಚೀನವು ಮಲೇರಿಯಮುಕ್ತ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ರೈತರು ಗಮನಿಸಬೇಕಾದ ಸಂಗತಿ ಇದರಲ್ಲಿದೆ. ಚಿಂಗ್‌ಹಾವೊ ಎಂಬ ಹೆಸರಿನಲ್ಲಿ ಹಲವು ಗಿಡಗಳು ನಡೆಯುತ್ತಿದ್ದವು, ಸತ್ವವಿದ್ದದ್ದು ಒಂದರಲ್ಲಿ. ಅದೂ ಕಾಂಡದಲ್ಲಲ್ಲ, ಎಲೆಯಲ್ಲಿ. ಎಲೆಯನ್ನೂ ಹೂ ಬಿಡುವ ಮುಂಚೆ ಕೊಯ್ದರೆ ಒಳ್ಳೆಯದು. ಬೀಜಿಂಗ್ ಸುತ್ತಿನ ಗಿಡದಲ್ಲಿ ಸತ್ವ ಕಡಿಮೆ, ಸಿಚುವಾನ್ ಸೀಮೆಯದರಲ್ಲಿ ಹೆಚ್ಚು. ಗಿಡ, ಭಾಗ, ಕಾಲ, ನೆಲ, ಮಾಡುವ ಕ್ರಮ, ಈ ಐದರಲ್ಲಿ ಒಂದು ತಪ್ಪಿದರೂ ಮದ್ದು ಬರಿಯ ಹುಲ್ಲೇ.

ಹಾಗಾದರೆ ಮನೆಯಲ್ಲೇ ಈ ಸೊಪ್ಪಿನ ಕಷಾಯ ಕುಡಿದರೆ ಆಗದೇ ಅಂತ ನೀವು ಕೇಳಬಹುದು. ಬೇಡ. ಕಷಾಯದಲ್ಲಿ ಸತ್ವ ಎಷ್ಟಿದೆಯೆಂದು ಯಾರೂ ಹೇಳಲಾರರು. ಅರೆಬರೆ ಮದ್ದು ಕುಡಿದರೆ ಜ್ವರ ಮರುಕಳಿಸುತ್ತದೆ, ರೋಗಾಣುವೂ ಮದ್ದಿಗೆ ಒಗ್ಗಿಕೊಳ್ಳುತ್ತದೆ. 2008ರ ಹೊತ್ತಿಗೇ ಕಾಂಬೋಡಿಯದ ಪಶ್ಚಿಮ ಭಾಗದಲ್ಲಿ ಈ ಔಷಧಕ್ಕೂ ಬೇಗ ಬಗ್ಗದ ರೋಗಾಣು ಕಂಡುಬಂತು. ಆದ್ದರಿಂದಲೇ ಇದನ್ನು ಒಂಟಿಯಾಗಿ ಕೊಡದೆ ಇನ್ನೊಂದು ಔಷಧದ ಜೊತೆ ಸೇರಿಸಿ ಗುಳಿಗೆ ಮಾಡುತ್ತಾರೆ. ಚಳಿಜ್ವರ ಬಂದರೆ ರಕ್ತಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದಷ್ಟು ದಿನ ಗುಳಿಗೆ ನುಂಗಿ.

ಆದರೆ ನಿಮ್ಮ ಊರಿನ ಹಿರಿಯರಿಗೆ ತಿಳಿದ ಮೂಲಿಕೆಗಳನ್ನು ಕೇಳಿ ಬರೆದಿಡಲು ಮರೆಯಬೇಡಿ. ಯಾವ ಗಿಡ, ಯಾವ ಭಾಗ, ಯಾವ ತಿಂಗಳು ಕೊಯ್ಯುವುದು, ಅರೆಯುವುದೋ ನೆನೆಹಾಕುವುದೋ, ಒಂದನ್ನೂ ಬಿಡಬೇಡಿ. ಗ ಹುಂಗ್ ಬರೆದಿಟ್ಟ ಒಂದು ಸಾಲು 1,600 ವರ್ಷಗಳ ನಂತರ ಕೆಲಸಕ್ಕೆ ಬಂತು.