ಎಷ್ಟು ಕೊಡ ಮಳೆ?

ಬೆಂಗಳೂರಿನಲ್ಲಿ ಮೇ ತಿಂಗಳ ಸಂಜೆ ನಾಲ್ಕಕ್ಕೆ ಆಕಾಶ ಕಪ್ಪಿಟ್ಟು, ಗಾಳಿ ಎದ್ದು, ಧೂಳಿನ ಬೆನ್ನಿಗೇ ದಪ್ಪ ಹನಿ ಬಿತ್ತೆಂದರೆ ಕಚೇರಿಗಳಿಂದ ಮನೆಗೆ ಹೋಗುವ ಫೋನು ಒಂದೇ: ‘ಮಳೆ ಹುಯ್ತಾ ಇದೆ, ಲೇಟಾಗುತ್ತೆ.’ ದೋಸೆಯನ್ನೂ ನಾವು ಹುಯ್ಯುತ್ತೇವೆ. ಆ ಕ್ರಿಯಾಪದದಲ್ಲೇ ಒಂದು ಪಾತ್ರೆ ಅಡಗಿದೆ. ಮರುದಿನ ಪತ್ರಿಕೆಯಲ್ಲಿ ಅದೇ ಮಳೆ ‘ಕುಂಭದ್ರೋಣ ಮಳೆ’ಯಾಗಿರುತ್ತದೆ. ಅಲ್ಲಂತೂ ಎರಡು ಪಾತ್ರೆ.

ಕುಂಭ ಅಂದರೆ ಕೊಡ. ದ್ರೋಣ ಅಂದೊಡನೆ ಮಹಾಭಾರತದ ಆಚಾರ್ಯರು ನೆನಪಾಗುತ್ತಾರೆ. ದ್ರೋಣಪಾತ್ರೆಯಲ್ಲಿ ಹುಟ್ಟಿದ್ದರಿಂದಲೇ ಅವರಿಗೆ ಆ ಹೆಸರು. ದ್ರೋಣ ಒಂದು ಅಳತೆಯೂ ಹೌದು, ಧಾನ್ಯಕ್ಕೆ ಹೇಗೋ ಮಳೆಗೂ ಹಾಗೇ. ಕೌಟಿಲ್ಯನ ಅರ್ಥಶಾಸ್ತ್ರ ಒಣನಾಡಿನ ಮಳೆ 16 ದ್ರೋಣ, ಅವಂತಿಯದು 23 ದ್ರೋಣ ಎಂದು ಲೆಕ್ಕ ಕೊಡುತ್ತದೆ. ಮಳೆ ಅಳೆಯಲು ಮೊಳದಗಲ ಬಾಯಿಯ ಪಾತ್ರೆ ಇಡಬೇಕು ಎನ್ನುತ್ತದೆ. ಎಲ್ಲಿ? ಉಗ್ರಾಣದಲ್ಲಿ! ಕಾಳುಕಡ್ಡಿ ಕೂಡಿಡುವ ಜಾಗದಲ್ಲೇ ಮಳೆಯ ಲೆಕ್ಕವೂ ನಡೆಯಬೇಕೆಂದ ಆ ವಿವೇಕ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಈಗೀಗ ಈ ಪದದ ಜಾಗಕ್ಕೆ ‘ಮೇಘಸ್ಫೋಟ’ ಬಂದು ಕೂತಿದೆ. ಗಂಟೆಗೆ 100 ಮಿಲಿಮೀಟರಿನಷ್ಟು ಸುರಿದರೆ ಮಾತ್ರ ಹವಾಮಾನದವರು ಹಾಗೆನ್ನುತ್ತಾರೆ. ಟಿವಿಯವರಿಗೆ ಅಂಡರ್‌ಪಾಸ್ ತುಂಬಿದರೆ ಸಾಕು. ತಪ್ಪೆಲ್ಲ ಮೋಡದ್ದೇ ಎನ್ನುವಂತಿರುವ ಈ ಮಾತು ನನಗೆ ಹಿಡಿಸುವುದಿಲ್ಲ. ಕುಂಭದ್ರೋಣವಾದರೆ, ಬಿದ್ದ ನೀರನ್ನು ಯಾವುದರಲ್ಲಿ ಹಿಡಿದಿರಿ ಎಂದು ಕೇಳುತ್ತದೆ.

2022ರ ಸೆಪ್ಟೆಂಬರ್ 5, ಸೋಮವಾರ. ಬೆಳಿಗ್ಗೆವರೆಗಿನ 24 ಗಂಟೆಯಲ್ಲಿ ಬೆಂಗಳೂರಿಗೆ 131.6 ಮಿಲಿಮೀಟರ್ ಬಿದ್ದಿತ್ತು. ಹೊರ ವರ್ತುಲ ರಸ್ತೆ ಕೆರೆಯಾಯಿತು. ಸಾಫ್ಟ್‌ವೇರ್ ನೌಕರರು ಲ್ಯಾಪ್‌ಟಾಪ್ ಚೀಲ ಎದೆಗವಚಿಕೊಂಡು ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋದರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. ಅಷ್ಟು ಮಳೆ ಬಿದ್ದ ಕಡೆ 30x40 ಸೈಟೊಂದರ ಪಾಲಿಗೇ 14,600 ಲೀಟರಿಗೂ ಹೆಚ್ಚು ಬಂತು. ಹದಿನೈದು ಲೀಟರಿನ ಕೊಡದಲ್ಲಿ ಹಿಡಿದಿದ್ದರೆ ಹತ್ತಿರ ಹತ್ತಿರ ಸಾವಿರ ಕೊಡ. 2024ರ ಬೇಸಿಗೆಯಲ್ಲಿ ಇದೇ ಊರಿನ ಜನ ಟ್ಯಾಂಕರ್ ಮುಂದೆ ಖಾಲಿ ಕೊಡ ಹಿಡಿದು ಸಾಲು ನಿಂತರು.

ಕೆರೆಗೆ ಕೆರೆ ಕೂಡಿಸುತ್ತಿದ್ದ ರಾಜಕಾಲುವೆಗಳನ್ನು ಮುಚ್ಚಿ ಕಟ್ಟಿದವರ ಮೇಲೆ ಸಿಟ್ಟು ಬರಲೇಬೇಕು. ಕಾಲುವೆ ಬಿಡಿಸಿಕೊಡಿ ಎಂದು ಪಾಲಿಕೆಯನ್ನು ಕೇಳುತ್ತಲೇ ಇರಬೇಕು. ಅದರ ಜೊತೆಗೆ, ಮುಂದಿನ ಮಳೆಗೆ ಮುಂಚೆ ಒಮ್ಮೆ ತಾರಸಿ ಹತ್ತಿ, ಕಸ ಗುಡಿಸಿ, ಮಳೆನೀರಿನ ಪೈಪು ಎಲ್ಲಿಗೆ ಇಳಿಯುತ್ತದೆ ನೋಡಿ. ರಸ್ತೆಗೆ ಇಳಿಯುತ್ತಿದ್ದರೆ ಪ್ಲಂಬರನ್ನು ಕರೆಸಿ, ಮಧ್ಯೆ ಒಂದು ಫಿಲ್ಟರ್ ಕೂರಿಸಿ, ಸಂಪಿಗೆ ತಿರುಗಿಸಿ.