ಪಲಾಯನದ ಓದು ಮತ್ತು ಊರ ಪುಸ್ತಕದಂಗಡಿ

ನಿತ್ಯದ ಜಂಜಾಟದಿಂದ ಕೆಲಕಾಲ ಬಿಡುಗಡೆ ಪಡೆಯಲೆಂದೇ ಕೈಗೆತ್ತಿಕೊಳ್ಳುವ ಓದಿಗೆ ‘ಪಲಾಯನದ ಓದು’ ಎಂಬ ಹೆಸರುಂಟು. ಪತ್ತೇದಾರಿ, ಐತಿಹಾಸಿಕ, ಪ್ರೇಮ ಹಾಗೂ ಮಾಟ-ಮಂತ್ರದ ಕಾದಂಬರಿಗಳು, ಕಂಪನಿ ನಾಟಕದ ಪುಸ್ತಕಗಳು ಈ ವರ್ಗಕ್ಕೆ ಸೇರುತ್ತವೆ. ಹೆಸರಿನಲ್ಲಿಯೇ ಒಂದಿಷ್ಟು ತಾತ್ಸಾರ ಅಡಗಿದೆ. ಆದರೆ ದುಡ್ಡು ಕೊಟ್ಟು ಪುಸ್ತಕ ಕೊಳ್ಳುವ ಸಾಮಾನ್ಯ ಓದುಗರ ಸಮೂಹವೊಂದು ಕನ್ನಡದಲ್ಲಿ ಬೆಳೆದದ್ದರಲ್ಲಿ ಇಂಥ ಕೃತಿಗಳ ಪಾಲು ದೊಡ್ಡದು. ಅವುಗಳನ್ನು ಓದುಗನ ಕೈಗೆ ಮುಟ್ಟಿಸಿದವನು ಊರಿನ ಸಣ್ಣ ಪುಸ್ತಕ ವ್ಯಾಪಾರಿ.

ಗದಗ ತಾಲ್ಲೂಕಿನ ಅಸುಂಡಿಯಂಥ ಹಳ್ಳಿಯಿಂದ ನೋಡಿದಾಗ ಓದು ಮತ್ತು ಅಂಗಡಿಯ ಈ ನಂಟು ಇನ್ನಷ್ಟು ಸ್ಪಷ್ಟವಾಗುತ್ತದೆ. ಅಂಥ ಊರಿನವರಿಗೆ ಮನಸ್ಸಿಗೆ ಬಂದ ಪುಸ್ತಕ ಬೇಕೆಂದರೆ ಗದುಗಿನ ಪೇಟೆಗೆ ಬರಬೇಕು. ಅಲ್ಲಿ ಸಿಗದಿದ್ದರೆ ಹುಬ್ಬಳ್ಳಿ, ಧಾರವಾಡ. ಆದ್ದರಿಂದ ಪೇಟೆಯ ಒಂದು ಅಂಗಡಿ ಬಾಗಿಲು ಹಾಕಿದರೆ ಅದರ ನಷ್ಟ ಸುತ್ತಲಿನ ಹತ್ತಾರು ಹಳ್ಳಿಗಳಿಗೂ ತಟ್ಟುತ್ತದೆ.

ಪಲಾಯನವೋ, ಬಿಡುಗಡೆಯೋ?

ಪಲಾಯನದ ಓದನ್ನು ಸಮರ್ಥಿಸಿದವರಲ್ಲಿ ಇಂಗ್ಲಿಷ್ ಲೇಖಕ ಜೆ.ಆರ್.ಆರ್. ಟೋಲ್ಕಿನ್ ಪ್ರಮುಖರು. 1939ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದಲ್ಲಿ ಅದ್ಭುತ ಕಥೆಗಳನ್ನು ಕುರಿತು ನೀಡಿದ ಉಪನ್ಯಾಸವನ್ನು ಅವರು ಮುಂದೆ ಪ್ರಬಂಧವಾಗಿ ಬೆಳೆಸಿ, 1947ರಲ್ಲಿ ಪ್ರಕಟಿಸಿದರು. ಸೆರೆಯಾಳು ಸೆರೆಮನೆಯಿಂದ ತಪ್ಪಿಸಿಕೊಳ್ಳುವುದೂ ಸೈನಿಕ ರಣರಂಗದಿಂದ ಓಡಿಹೋಗುವುದೂ ಒಂದೇ ಅಲ್ಲ, ವಿಮರ್ಶಕರು ಇವೆರಡನ್ನೂ ಬೆರೆಸಿ ನೋಡುತ್ತಾರೆ ಎಂಬುದು ಅವರ ವಾದದ ತಿರುಳು.

ಕನ್ನಡದಲ್ಲಿಯೂ ಇದೇ ಜಿಜ್ಞಾಸೆ ಬೇರೆ ರೂಪದಲ್ಲಿ ನಡೆಯಿತು. ನವ್ಯ ವಿಮರ್ಶೆ ಪ್ರಬಲವಾದ ಮೇಲೆ ‘ಜನಪ್ರಿಯ’ ಎಂಬ ಮಾತೇ ಕೃತಿಯೊಂದರ ಕೊರತೆಯನ್ನು ಸೂಚಿಸುವಂತಾಯಿತು. ಓದುಗರು ಮಾತ್ರ ಇದಕ್ಕೆ ಹೆಚ್ಚು ಕಿವಿಗೊಡಲಿಲ್ಲ. ಅ.ನ.ಕೃ., ತ.ರಾ.ಸು., ತ್ರಿವೇಣಿ ಮೊದಲಾದವರ ಕಾದಂಬರಿಗಳು ಮರುಮುದ್ರಣಗೊಳ್ಳುತ್ತಲೇ ಬಂದವು.

ಊರೂರು ಅಲೆದ ಪುಸ್ತಕದಂಗಡಿ

ಉತ್ತರ ಕರ್ನಾಟಕದಲ್ಲಿ ಈ ಚರಿತ್ರೆಯ ಮೊದಲ ದೊಡ್ಡ ಹೆಸರು ಗಳಗನಾಥ. ವೆಂಕಟೇಶ ತಿರಕೊ ಕುಲಕರ್ಣಿ (1869–1942) ಎಂಬ ಈ ಶಾಲಾ ಮಾಸ್ತರರು ತಮ್ಮ ಹುಟ್ಟೂರಾದ, ಈಗಿನ ಹಾವೇರಿ ಜಿಲ್ಲೆಯ ಗಳಗನಾಥದ ಹೆಸರನ್ನೇ ಕಾವ್ಯನಾಮವನ್ನಾಗಿ ಮಾಡಿಕೊಂಡರು. ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ವಿಜಯನಗರದ ಸ್ಥಾಪನೆಯ ಸುತ್ತ ‘ಮಾಧವ ಕರುಣಾ ವಿಲಾಸ’ವನ್ನು ಬರೆದರು. ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಸಂಪಾದಕರಾಗಿ ದುಡಿದರು.

ಮರಾಠಿಯ ಪ್ರಭಾವ ಗಾಢವಾಗಿದ್ದ ಆಗಿನ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಕನ್ನಡ ಓದುಗರನ್ನು ಹುಡುಕುವುದು ಸುಲಭವಿರಲಿಲ್ಲ. ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು, ಊರಿಂದೂರಿಗೆ ನಡೆದು ಮಾರಿದರು. ಬರೆದವರೂ ಅವರೇ, ವ್ಯಾಪಾರಿಯೂ ಅವರೇ. ಕನ್ನಡಿಗರಿಗೆ ಓದಿನ ರುಚಿ ಹತ್ತಿಸಿದವರೆಂದು ಇಂದಿಗೂ ಅವರನ್ನು ನೆನೆಯಲಾಗುತ್ತದೆ. ರಾಜಕುವರಿಯರ, ಕೋಟೆ-ಕೊತ್ತಳಗಳ, ಸಂಚು-ಸಾಹಸಗಳ ಕಥೆಗಾಗಿ ಪುಸ್ತಕ ಹಿಡಿದ ಕೈಗಳೇ ಮುಂದೆ ನಾಡಿನ ಇತಿಹಾಸವನ್ನೂ ಹುಡುಕಿದವು. ಹಳೆಯ ಮೈಸೂರು ಸೀಮೆಯಲ್ಲಿ ಬಂಗಾಳಿ ಕಾದಂಬರಿಗಳನ್ನು ಅನುವಾದಿಸಿದ ಬಿ. ವೆಂಕಟಾಚಾರ್ಯರು (1845–1914) ಇಂಥದೇ ಕೆಲಸ ಮಾಡಿದ್ದರು.

ಪತ್ತೇದಾರರ ಕಾಲ

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಪತ್ತೇದಾರಿ ಕಾದಂಬರಿ ಆ ಸ್ಥಾನಕ್ಕೆ ಬಂತು. ಎನ್. ನರಸಿಂಹಯ್ಯ (1925–2011) ಪತ್ತೇದಾರ ಪುರುಷೋತ್ತಮನೆಂಬ ಪಾತ್ರವನ್ನು ಸೃಷ್ಟಿಸಿ, ನೂರಾರು ಕಾದಂಬರಿಗಳನ್ನು ಬರೆದರು. ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ (1918–1967) ಪತ್ತೇದಾರಿ ಕಾದಂಬರಿಕಾರರೆಂಬುದು ಗಮನಾರ್ಹ. ಅಗ್ಗದ ಕಾಗದ, ಕಿಸೆಯಲ್ಲಿ ಹಿಡಿಸುವ ಗಾತ್ರ, ಬಣ್ಣದ ಮುಖಪುಟ ಹೊತ್ತ ಇಂಥ ಪುಸ್ತಕಗಳು ರೈಲು ನಿಲ್ದಾಣಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ಮತ್ತು ದಿನಬಾಡಿಗೆಗೆ ಕಾದಂಬರಿ ಕೊಡುತ್ತಿದ್ದ ಖಾಸಗಿ ವಾಚನಾಲಯಗಳಲ್ಲಿ ಸಿಗುತ್ತಿದ್ದವು. 1956ರಲ್ಲಿ ಹುಬ್ಬಳ್ಳಿಯಿಂದ ಆರಂಭವಾದ ‘ಕಸ್ತೂರಿ’ ಮಾಸಪತ್ರಿಕೆ ಪ್ರತಿ ಸಂಚಿಕೆಯಲ್ಲಿ ಒಂದು ಪುಸ್ತಕದ ಸಂಗ್ರಹವನ್ನು ಕೊಡುವ ಮೂಲಕ ದೂರದೇಶದ ಕಥೆಗಳನ್ನು ಮನೆಬಾಗಿಲಿಗೆ ತಂದಿತು.

ದೂರದರ್ಶನ ಮನೆಮನೆಗೆ ಬಂದಂತೆ ಬಾಡಿಗೆ ವಾಚನಾಲಯಗಳು ಒಂದೊಂದಾಗಿ ಮುಚ್ಚಿದವು. ಮೊಬೈಲ್ ಫೋನು ಉಳಿದ ಬಿಡುವನ್ನೂ ನುಂಗಿತು.

ಗದುಗಿನ ಅಚ್ಚು, ಧಾರವಾಡದ ಅಟ್ಟ

ಕುಮಾರವ್ಯಾಸನ ಊರೆಂದು ಹೆಸರಾದ ಗದುಗು ಅಚ್ಚಿನ ಉದ್ಯಮಕ್ಕೂ ಪ್ರಸಿದ್ಧ. ಬಿ.ಜಿ. ಸಂಕೇಶ್ವರ ಅಂಡ್ ಕಂಪನಿಯ ನಿಘಂಟುಗಳು ನಾಡಿನ ಶಾಲಾಮಕ್ಕಳ ಕೈಸೇರಿದವು. ಪಿ.ಸಿ. ಶಾಬಾದಿಮಠ ಬುಕ್ ಡಿಪೋ ಎಂಬ ಹೆಸರು ನಾಟಕದ ಪುಸ್ತಕಗಳ ಮುಖಪುಟದಿಂದ ಪರಿಚಿತವಾದದ್ದು. ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ (1914–2010) ವೀರೇಶ್ವರ ಪುಣ್ಯಾಶ್ರಮವೂ ತನ್ನದೇ ನಾಟಕ ಕಂಪನಿ ನಡೆಸಿದ ಊರಿದು.

ಜಾತ್ರೆಗೆ ನಾಟಕ ಆಡಬೇಕೆಂದರೆ ಹಳ್ಳಿಯ ಹುಡುಗರು ಪೇಟೆಗೆ ಬಂದು ನಾಟಕದ ಪುಸ್ತಕ ಕೊಂಡೊಯ್ಯುವುದು ಈ ಭಾಗದ ಹಳೆಯ ರೂಢಿ. ಒಬ್ಬ ಕೊಂಡದ್ದನ್ನು ಹತ್ತು ಜನ ಬಾಯಿಪಾಠ ಮಾಡುತ್ತಾರೆ, ಇಡೀ ಊರು ನೋಡುತ್ತದೆ. ಪಲಾಯನದ ಓದು ಒಂಟಿತನದ ಚಟ ಎಂಬ ಆಕ್ಷೇಪಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಗದುಗಿನಿಂದ ಹುಬ್ಬಳ್ಳಿ ದಾಟಿ ಹೋದರೆ ಧಾರವಾಡದ ಸುಭಾಷ ರಸ್ತೆ. ಜಿ.ಬಿ. ಜೋಶಿ (1904–1993) ಮತ್ತು ಗೆಳೆಯರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ ‘ಅಟ್ಟ’ ಇರುವುದು ಇಲ್ಲಿಯೇ. ಓದುಗರಿಂದ ಮುಂಗಡ ಚಂದಾ ಪಡೆದು ವರ್ಷವಿಡೀ ಪುಸ್ತಕ ಕಳಿಸುವ ಪದ್ಧತಿಯಿಂದ ಗ್ರಂಥಮಾಲೆ ಬೆಳೆಯಿತು. ಗದುಗಿನಲ್ಲಿ ಹುಟ್ಟಿದ ವಿಮರ್ಶಕ ಕೀರ್ತಿನಾಥ ಕುರ್ತಕೋಟಿ ಅದರ ಸಾಹಿತ್ಯ ಸಲಹೆಗಾರರಾಗಿದ್ದರು. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಇಲ್ಲಿಂದಲೇ ಪ್ರಕಟವಾಯಿತು. ಗಂಭೀರ ಸಾಹಿತ್ಯಕ್ಕೆ ಹೆಸರಾದ ಈ ಸಂಸ್ಥೆಯನ್ನು ಬಾಳಿಸಿದ್ದು ಕಾದಂಬರಿಗಾಗಿ ಕಾಯುತ್ತಿದ್ದ ಚಂದಾದಾರರ ನಿಷ್ಠೆ ಎಂಬುದನ್ನು ಮರೆಯಲಾಗದು.

ಅಂಗಡಿಯ ಸುಖ

ಒಡೆಯನೇ ಗಲ್ಲೆಯ ಮುಂದೆ ಕುಳಿತು ನಡೆಸುವ ಪುಸ್ತಕದಂಗಡಿಯ ಸೊಗಸು ಅಲ್ಲಿನ ಆಯ್ಕೆಯಲ್ಲಿದೆ. ಏನು ತರಿಸಬೇಕು, ಯಾವುದನ್ನು ಎದುರಿಗೆ ಇಡಬೇಕು ಎಂಬುದನ್ನು ಒಬ್ಬ ವ್ಯಕ್ತಿಯ ಅಭಿರುಚಿ, ಗಿರಾಕಿಗಳ ಜೊತೆಗಿನ ಒಡನಾಟ ನಿರ್ಧರಿಸುತ್ತವೆ. ಪತ್ತೇದಾರಿ ಕೇಳಿ ಬಂದವನ ಕೈಗೆ ತ.ರಾ.ಸು. ಅವರ ದುರ್ಗದ ಕಾದಂಬರಿಯನ್ನು ಇಟ್ಟು, “ಇದನ್ನ ಓದಿ ನೋಡ್ರಿ” ಎನ್ನುವ ಅಂಗಡಿಕಾರ ಓದುಗನ ದಾರಿಯನ್ನೇ ಬದಲಿಸಬಲ್ಲ. ಅಂತರ್ಜಾಲದ ಮಾರಾಟ ತಾಣ ಕೊಂಡದ್ದನ್ನು ಹೋಲುವ ಪುಸ್ತಕವನ್ನೇ ಮತ್ತೆ ಮತ್ತೆ ತೋರಿಸುತ್ತದೆ. ಅಂಗಡಿಕಾರ ಹೋಲದಿರುವುದನ್ನೂ ಕೊಡುತ್ತಾನೆ.

ನಿಂತಲ್ಲಿಯೇ ಮೊದಲ ಪುಟ ಓದುವುದು, ಹುಡುಕದೇ ಇದ್ದ ಪುಸ್ತಕ ಕಣ್ಣಿಗೆ ಬೀಳುವುದು, ಹಳೆಯ ಪ್ರತಿಯ ಒಳಪುಟದಲ್ಲಿ ಯಾರದೋ ಮದುವೆಯ ಉಡುಗೊರೆಯ ಒಕ್ಕಣೆ ಕಾಣುವುದು, ಇವೆಲ್ಲ ಅಂಗಡಿಗೆ ಹೋದವರಿಗಷ್ಟೇ ದಕ್ಕುವ ಸಂತೋಷಗಳು. ಬೆಂಗಳೂರಿನ ಪ್ರೀಮಿಯರ್ ಪುಸ್ತಕದಂಗಡಿ ಇದಕ್ಕೆ ಮಾದರಿ. ಟಿ.ಎಸ್. ಶಾನಭಾಗರು 1971ರಿಂದ ನಡೆಸಿದ ಆ ಇಕ್ಕಟ್ಟಾದ ಅಂಗಡಿಯಲ್ಲಿ ಪುಸ್ತಕಗಳ ರಾಶಿಯೇ ಗೋಡೆಯಾಗಿತ್ತು. ಅದು 2009ರಲ್ಲಿ ಮುಚ್ಚಿತು. ಟಿ.ಎನ್. ಶಾನಭಾಗರು ಮುಂಬಯಿಯಲ್ಲಿ 1948ರಲ್ಲಿ ತೆರೆದ ಸ್ಟ್ರ್ಯಾಂಡ್ ಬುಕ್ ಸ್ಟಾಲ್ 2018ರಲ್ಲಿ ಬಾಗಿಲು ಹಾಕಿತು. ಎರಡೂ ಮುಚ್ಚಿದಾಗ ಓದುಗರು ಆಪ್ತರನ್ನು ಕಳೆದುಕೊಂಡಂತೆ ನೊಂದರು.

ಅಸುಂಡಿಯ ಓದುಗನ ಮುಂದಿರುವ ಪ್ರಶ್ನೆ

ಹಳ್ಳಿಯಲ್ಲಿ ಅಂಗಡಿಯಿಲ್ಲದಿದ್ದರೂ ಗ್ರಂಥಾಲಯ ಇದೆಯಲ್ಲ ಎಂಬ ಮಾತು ಕೇಳಿಬರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಿಂದ ರಾಜ್ಯದಲ್ಲಿ ಗ್ರಂಥಾಲಯ ಕರ ಬಂತು. ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಸುಪರ್ದಿಗೆ ಬಂದು, ಈಗ ‘ಅರಿವು ಕೇಂದ್ರ’ಗಳೆನಿಸಿವೆ. ಇವುಗಳ ಉಪಯೋಗ ನಿಸ್ಸಂದೇಹ. ಆದರೆ ಸರ್ಕಾರದ ಸಗಟು ಖರೀದಿಯಲ್ಲಿ ಪುಸ್ತಕ ಆರಿಸುವುದು ಸಮಿತಿ. ಓದುಗನ ಚಪಲ ಯಾವುದೆಂದು ಬಲ್ಲದ್ದು ಅಂಗಡಿಯ ಗಲ್ಲೆ ಮಾತ್ರ. ಸಗಟು ಖರೀದಿಯನ್ನೇ ನೆಚ್ಚಿದ ಪ್ರಕಾಶಕನಿಗೆ ಓದುಗ ಮುಖ್ಯನಾಗುವುದಿಲ್ಲ. ಆ ಖರೀದಿ ವರ್ಷಗಟ್ಟಲೆ ತಡವಾದಾಗ ಅವನ ಕೈ ಕಟ್ಟಿಹೋಗುತ್ತದೆ.

ಅಂಚೆಯ ಆಸರೆಯೂ ಅಲುಗಾಡಿದೆ. ರಿಯಾಯಿತಿ ದರದ ನೋಂದಾಯಿತ ಬುಕ್ ಪೋಸ್ಟ್ ಸೇವೆ 2024ರ ಡಿಸೆಂಬರಿನಲ್ಲಿ ನಿಂತಾಗ ಸಣ್ಣ ಪ್ರಕಾಶಕರಿಂದ ಆಕ್ಷೇಪ ಕೇಳಿಬಂತು. 2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ಪುಸ್ತಕಗಳಿಗಾಗಿ ‘ಜ್ಞಾನ ಪೋಸ್ಟ್’ ಎಂಬ ಹೊಸ ಸೇವೆಯನ್ನು ಆರಂಭಿಸಿತು. ಇತ್ತ ಪೇಟೆಗಳಲ್ಲಿ ಪುಸ್ತಕದಂಗಡಿಯೆಂದರೆ ಪಠ್ಯಪುಸ್ತಕ, ನೋಟುಪುಸ್ತಕ, ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳ ಅಂಗಡಿ ಎಂಬಂತಾಗಿದೆ. ಬಾಡಿಗೆ ಕಟ್ಟಿ ಬದುಕಬೇಕಾದ ವ್ಯಾಪಾರಿಯನ್ನು ಇದಕ್ಕಾಗಿ ದೂರುವಂತಿಲ್ಲ. ಬೇಗ ಬಿಕರಿಯಾಗುವ ಗೈಡುಗಳೇ ಅಂಗಡಿಯನ್ನು ಸಾಕುತ್ತವೆ, ಮೂಲೆಯ ಕಾದಂಬರಿ ಕಪಾಟು ಅವುಗಳ ನೆರಳಿನಲ್ಲಿ ಉಳಿಯುತ್ತದೆ.

ಆ ಕಪಾಟು ಉಳಿಯುವುದೋ ಇಲ್ಲವೋ ಎಂಬುದು ಓದುಗರ ಕೈಯಲ್ಲಿದೆ. ಗೈಡು ಕೊಳ್ಳಲು ಬಂದ ಅಸುಂಡಿಯ ವಿದ್ಯಾರ್ಥಿ ಅದರ ಜೊತೆಗೆ ಒಂದು ಕಾದಂಬರಿಯನ್ನು ಕೇಳಿದರೆ, ಅಂಗಡಿಕಾರ ಮುಂದಿನ ಸಲ ಎರಡು ತರಿಸುತ್ತಾನೆ. ಗಳಗನಾಥರು ಗಂಟು ಹೊತ್ತು ಓದುಗನ ಮನೆಯವರೆಗೆ ನಡೆದರು. ಈಗ ಓದುಗ ಅಂಗಡಿಯವರೆಗೆ ನಡೆದರೆ ಸಾಕು.